ರಜೆಯ ದಿನಕ್ಕೊಂದು ಹಲಸಿನ ಕಡುಬು

ಹಬ್ಬದ ತಿಂಡಿಗಳಲ್ಲಿ ಕಾಯುವಂಥವು ಬೇರೆ, ಕಾಯದಂಥವು ಬೇರೆ. ಹೋಳಿಗೆ ಎರಡು ಮೂರು ದಿನ ಕಾಯುತ್ತದೆ. ಚಕ್ಕುಲಿ, ಉಂಡೆಗಳು ಡಬ್ಬದೊಳಗೆ ತಿಂಗಳೊಪ್ಪತ್ತು ಕಾಯುತ್ತವೆ. ಊರಿನಿಂದ ಹೊರಟ ಬಸ್ಸಿನಲ್ಲಿ ಯಾರದೋ ಕೈಚೀಲ ಸೇರಿ ಮುಂಬಯಿಗೆ ಬಂದು, ಮಗನ ಕೈ ಸೇರುವವರೆಗೂ ಕೆಡದೆ ಇರುತ್ತವೆ. ಹಲಸಿನ ಹಣ್ಣಿನ ಕಡುಬು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಇಂದು ಬೇಯಿಸಿದ್ದನ್ನು ಇಂದೇ ತಿನ್ನಬೇಕು. ಹೆಚ್ಚೆಂದರೆ ನಾಳೆ ಬೆಳಿಗ್ಗೆಯೊಳಗೆ ಮುಗಿಸಬೇಕು. ಹಣ್ಣಾದರೂ ವರ್ಷವೆಲ್ಲ ಸಿಗುವಂಥದೇ? ಕರಾವಳಿಯಲ್ಲಿ ಏಪ್ರಿಲ್ ಕೊನೆಗೆ ಹಣ್ಣಾಗತೊಡಗಿದ ಹಲಸು ಆಟಿ ತಿಂಗಳ ಮಳೆಯೊಳಗೆ ಮುಗಿದುಹೋಗುತ್ತದೆ.

ಆದುದರಿಂದ ಪರವೂರಿನಲ್ಲಿ ದುಡಿಯುವ ನಮ್ಮವರಿಗೂ ಈ ಕಡುಬಿಗೂ ಭೇಟಿ ತಪ್ಪಿಹೋಗಿದೆ. ಕಚೇರಿಯ ಗುಮಾಸ್ತರು ಮಕ್ಕಳ ಶಾಲೆಗೆ ರಜೆಯಿರುವ ಮೇ ತಿಂಗಳಲ್ಲಿ ಊರಿಗೆ ಹೋಗಿಬರುವುದುಂಟು. ಅವರಿಗೆ ಒಂದೆರಡು ಸಲವಾದರೂ ಸಿಕ್ಕೀತು. ಹೋಟೆಲಿನ ಕೆಲಸಗಾರನ ಪಾಡು ಹಾಗಲ್ಲ. ಅವನದು ಸರದಿಯ ರಜೆ. ತಂಗಿಯ ಮದುವೆಗೋ, ಮನೆಯ ದೈವದ ನೇಮಕ್ಕೋ, ದೀಪಾವಳಿಗೋ ಅವನು ರಜೆ ಕೇಳುತ್ತಾನೆ. ಹಲಸಿನ ಹಣ್ಣಿಗೆಂದು ರಜೆ ಕೇಳಿದವನನ್ನು ನಾವು ಗಲ್ಲಾದಲ್ಲಿ ಕುಳಿತಿದ್ದಷ್ಟು ವರ್ಷವೂ ಕಂಡಿಲ್ಲ. ನಮ್ಮ ಭಟ್ಟಿಯ ಮುಂದೆ ನಿಲ್ಲುತ್ತಿದ್ದ ಕಾರ್ಕಳ ಕಡೆಯ ಭಟ್ಟರೊಬ್ಬರು ಒಮ್ಮೆ ಬೆರಳು ಮಡಚಿ ಎಣಿಸಿ, ತಾವು ಅದರ ರುಚಿ ಕಂಡು ಹನ್ನೊಂದು ವರ್ಷವಾಯಿತೆಂದರು. "ಎಂತ ಹೇಳುವುದು ಮಾರಾಯರೇ, ಊರಿನಲ್ಲಿ ಮರದ ಬುಡದಲ್ಲಿ ಬಿದ್ದು ಕೊಳೆಯುತ್ತದೆ, ಇಲ್ಲಿ ಸೊಳೆ ಎಣಿಸಿ ಹಣ ಕೊಡಬೇಕು" ಎಂಬುದು ಅವರ ಮಾತು. ಈ ಲೇಖನ ಬರೆಯಲು ಆ ಮಾತೇ ಕಾರಣ.

ಇಂಗ್ಲಿಷರಿಗೂ ಇಂಥದೊಂದು ಹಬ್ಬದ ಕಡುಬು ಇದೆ. ಕ್ರಿಸ್‌ಮಸ್ ಪುಡ್ಡಿಂಗ್ ಎಂದು ಅದರ ಹೆಸರು. ಪ್ಲಮ್ ಪುಡ್ಡಿಂಗ್ ಎಂದೂ ಹೇಳುವರು. ಅದರಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಹಿಂದೆ ಒಣದ್ರಾಕ್ಷಿಗೇ ಆ ದೇಶದಲ್ಲಿ ಆ ಹೆಸರು ಸಲ್ಲುತ್ತಿತ್ತು. ಒಣದ್ರಾಕ್ಷಿ, ರೊಟ್ಟಿಯ ಪುಡಿ, ಮೊಟ್ಟೆ, ದನದ ಕೊಬ್ಬು, ಸಂಬಾರ ಜೀನಸು, ಬ್ರಾಂದಿ ಇವನ್ನು ಕಲಸಿ, ಹಿಂದಿನವರು ಬಟ್ಟೆಯಲ್ಲಿ ಕಟ್ಟಿ ಕುದಿನೀರಿನಲ್ಲಿಯೂ, ಈಚಿನವರು ಬೋಗುಣಿಯಲ್ಲಿ ತುಂಬಿ ಹಬೆಯಲ್ಲಿಯೂ ಗಂಟೆಗಟ್ಟಲೆ ಬೇಯಿಸುತ್ತಾರೆ. ಹಬ್ಬಕ್ಕೆ ಸುಮಾರು ಒಂದು ತಿಂಗಳು ಮೊದಲೇ ಒಂದು ಗೊತ್ತಾದ ಭಾನುವಾರ ಮನೆಮಂದಿಯೆಲ್ಲ ಸರದಿಯಂತೆ ಸೌಟು ತಿರುಗಿಸುವುದು ಅಲ್ಲಿನ ಪದ್ಧತಿ. 1843ರಲ್ಲಿ ಪ್ರಕಟವಾದ ಡಿಕನ್ಸನ ಕ್ರಿಸ್‌ಮಸ್ ಕಥೆಯಲ್ಲಿ, ಅಲ್ಪ ಸಂಬಳದ ಒಬ್ಬ ಗುಮಾಸ್ತನ ಹೆಂಡತಿ ಕಡುಬು ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ಕಳವಳಪಡುವ ಸನ್ನಿವೇಶವಿದೆ. ಗುಮಾಸ್ತರ ಮನೆಯ ಚಿಂತೆ ಎಲ್ಲ ದೇಶದಲ್ಲಿಯೂ ಒಂದೇ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಅದೃಷ್ಟವಂತರು. ಒಣಹಣ್ಣು, ಸಕ್ಕರೆ, ಮದ್ಯ ಇವುಗಳ ಬಲದಿಂದ ಅವರ ಕಡುಬು ತಿಂಗಳುಗಟ್ಟಲೆ ಕೆಡುವುದಿಲ್ಲ; ದೂರದೇಶದಲ್ಲಿರುವ ಮಗನಿಗೆ ಹಡಗಿನಲ್ಲಿ ಕಳುಹಿಸಬಹುದು. ನಮ್ಮದರಲ್ಲಿರುವುದು ಹಸಿ ಹಣ್ಣು, ಹಸಿ ತೆಂಗಿನಕಾಯಿ. ಅದು ಮಗನಲ್ಲಿಗೆ ಹೋಗದು. ಮಗನೇ ಅದಿರುವಲ್ಲಿಗೆ ಹೋಗಬೇಕು, ಇಲ್ಲವೆ ಇದ್ದಲ್ಲಿಯೇ ಮಾಡಿಕೊಳ್ಳಬೇಕು.

ಈ ತಿಂಡಿಗೆ ನಮ್ಮವರಲ್ಲಿ ಹೆಸರುಗಳು ಹಲವು. ತುಳುವರು ಗಟ್ಟಿ ಎನ್ನುತ್ತಾರೆ. ಮಲೆನಾಡಿನವರು ಕಡುಬು ಎನ್ನುತ್ತಾರೆ. ಕೊಂಕಣಿ ಮಾತಿನವರು ಪಾತೊಳಿ ಎನ್ನುವುದುಂಟು. ಹವ್ಯಕರ ಮನೆಗಳಲ್ಲಿ ಇದು ಕೊಟ್ಟಿಗೆ. ಬಯಲುಸೀಮೆಯ ಗುಮಾಸ್ತರೊಬ್ಬರು ತಮ್ಮ ಹವ್ಯಕ ಸ್ನೇಹಿತರು "ಬೆಳಿಗ್ಗೆ ಹೊಟ್ಟೆ ತುಂಬ ಕೊಟ್ಟಿಗೆ ತಿಂದೆ" ಎಂದಾಗ ಬೆರಗಾಗಿ ನಿಂತುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರ ಸೀಮೆಯಲ್ಲಿ ಕೊಟ್ಟಿಗೆಯೆಂದರೆ ದನ ಕಟ್ಟುವ ಹಟ್ಟಿ. ಹೆಸರು ಏನೇ ಇರಲಿ, ಹಣ್ಣು, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ, ಹಬೆ ಈ ಆರರ ಹೊರತು ಏಳನೆಯದು ಬೇಕಿಲ್ಲ. ಏಲಕ್ಕಿ ಹಾಕುವವರು ಹಾಕಲಿ. ಹಲಸಿನ ಪರಿಮಳದ ಎದುರಿಗೆ ಅದು ಸುಮ್ಮನೆ ಖರ್ಚು ಎಂಬುದು ನಮ್ಮ ಅಭಿಮತ. ನಾಲ್ಕು ಕಾಳುಮೆಣಸು ಜಜ್ಜಿ ಹಾಕಿದರೆ ರುಚಿಗೂ ಹಿತ, ಹೊಟ್ಟೆಗೂ ಹಿತ.

ಇಷ್ಟು ಒಳ್ಳೆಯ ತಿಂಡಿಯನ್ನು ಹೋಟೆಲಿನ ಬೋರ್ಡಿನ ಮೇಲೆ ಏಕೆ ಬರೆಯಬಾರದೆಂದು ಕೆಲವು ವಾಚಕರು ಕೇಳಬಹುದು. ಹೋಟೆಲು ನಡೆಸಿದವರಿಗೆ ಉತ್ತರ ಗೊತ್ತು. ಇಡ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಬೇಯುತ್ತದೆ; ಕಡುಬು ಮುಕ್ಕಾಲು ಗಂಟೆಗೆ ಮೊದಲು ಇಳಿಯುವುದಿಲ್ಲ. ಬೆಳಗಿನ ಏಳರಿಂದ ಹತ್ತರವರೆಗಿನ ಗಿರಾಕಿಯ ನೂಕುನುಗ್ಗಲಿನಲ್ಲಿ ಅಷ್ಟು ಹೊತ್ತು ಹಬೆಯ ಪೆಟ್ಟಿಗೆಯನ್ನು ಅದಕ್ಕೆ ಬಿಟ್ಟುಕೊಟ್ಟರೆ ಸಾಂಬಾರು ತಟ್ಟೆಯಲ್ಲಿ ಒಂಟಿಯಾಗಿ ನಿಲ್ಲಬೇಕಾದೀತು. ಇನ್ನು, ಒಂದು ಹಣ್ಣಿನಂತೆ ಇನ್ನೊಂದು ಇರುವುದಿಲ್ಲ. ನಿನ್ನೆ ಜೇನಿನಂತಿದ್ದದ್ದು ಇಂದು ಸಪ್ಪೆ. ಗಿರಾಕಿಯಾದವನು ನಿನ್ನೆಯ ರುಚಿಯನ್ನೇ ಇಂದೂ ಕೇಳುತ್ತಾನೆ. ಅದು ಅವನ ಹಕ್ಕು. ಉಡುಪಿ ಹೋಟೆಲುಗಳು ಈ ನಗರದಲ್ಲಿ ಬೇರೂರಿದ್ದು ಈ ಒಂದೇ ರುಚಿಯ ನಂಬಿಕೆಯಿಂದ. ಮಾಟುಂಗದಲ್ಲಿ 1942ರಿಂದ ನಡೆಯುತ್ತ ಬಂದಿರುವ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿನಂಥ ಸ್ಥಳಗಳಿಗೆ ಮೂರು ತಲೆಮಾರಿನ ಜನ ಹೋಗುವುದು, ಅಜ್ಜ ಉಂಡ ಸಾರನ್ನೇ ಮೊಮ್ಮಗನೂ ಉಣ್ಣಬಹುದೆಂಬ ಭರವಸೆಯಿಂದ. ಹಲಸು ಅಂಥ ಭರವಸೆ ಕೊಡುವ ಹಣ್ಣಲ್ಲ.

ಹಾಗಾದರೆ ಈ ಕಡುಬಿಗೆ ಸ್ಥಳವೆಲ್ಲಿ? ಕೆಲಸಗಾರರ ಪಂಕ್ತಿಯಲ್ಲಿ. ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರು ಇದೆ. ಒಮ್ಮೆಗೆ ನೂರು ಇಡ್ಲಿ ಬೇಯಿಸುವ ಹಬೆಯ ಪೆಟ್ಟಿಗೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಹದ ಬಲ್ಲ ಕೈಗಳಿವೆ. ಇವೆಲ್ಲ ವರ್ಷದ 360 ದಿನ ಗಿರಾಕಿಗಾಗಿ ದುಡಿಯುತ್ತವೆ. ಒಂದು ದಿನ, ಒಂದೇ ದಿನ, ಅದೇ ಗ್ರೈಂಡರು ಅದೇ ಪೆಟ್ಟಿಗೆ ದುಡಿದವರ ಸಲುವಾಗಿ ತಿರುಗಬಾರದೆ? ಹಲಸಿನ ಕಾಲದಲ್ಲಿಯೇ ಮೇ 1 ಬರುತ್ತದೆ. ಅದು ಕಾರ್ಮಿಕರ ದಿನವೂ ಹೌದು, 1960ರಲ್ಲಿ ಮಹಾರಾಷ್ಟ್ರ ರಾಜ್ಯ ಹುಟ್ಟಿದ ದಿನವೂ ಹೌದು. ಆ ದಿನ ಬಾಗಿಲು ಮುಚ್ಚಲು ಸಾಧ್ಯವಿಲ್ಲದವರು ಮಧ್ಯಾಹ್ನ ಮೂರರಿಂದ ಐದರವರೆಗಿನ ಬಿಡುವನ್ನಾದರೂ ಬಿಟ್ಟುಕೊಡಬಹುದು. ಮಾಲಕರಿಗೆ ಇದು ಒಂದು ಹಣ್ಣಿನ ಮತ್ತು ನಾಲ್ಕು ತೆಂಗಿನಕಾಯಿಯ ಖರ್ಚು. ನಾವೂ ಮಾಲಕರಾಗಿದ್ದವರೇ ಆದುದರಿಂದ ಈ ಲೆಕ್ಕವನ್ನು ಧೈರ್ಯವಾಗಿ ಹೇಳುತ್ತಿದ್ದೇವೆ.

ಇದರಲ್ಲಿ ಇನ್ನೊಂದು ವಿಚಾರವೂ ಇದೆ. ದಿನಕ್ಕೆ ಸಾವಿರ ಇಡ್ಲಿ ಇಳಿಸುವ ನಮ್ಮ ಹುಡುಗರಲ್ಲಿ ಹಲಸಿನ ಹಣ್ಣನ್ನು ಬಿಡಿಸಿ ಕಡುಬು ಕಟ್ಟಲು ಬಲ್ಲವರು ಎಷ್ಟು ಮಂದಿ? ಹದಿನೈದು ಹದಿನಾರರ ಪ್ರಾಯದಲ್ಲಿ ಊರು ಬಿಟ್ಟವನಿಗೆ ಅಮ್ಮ ಮಾಡುತ್ತಿದ್ದುದು ನೆನಪಿದೆ, ಹೇಗೆ ಮಾಡುತ್ತಿದ್ದಳೆಂಬುದು ನೆನಪಿಲ್ಲ. ಮನೆಯ ಅಡುಗೆಯನ್ನು ಹೆಂಗಸರು ಬಲ್ಲರು, ಹೋಟೆಲಿನ ಅಡುಗೆಯನ್ನು ಗಂಡಸರು ಬಲ್ಲರು; ಈ ಎರಡರ ನಡುವಿನ ಗೋಡೆಯಲ್ಲಿ ಎಷ್ಟೋ ತಿಂಡಿಗಳು ಸಿಕ್ಕಿಬಿದ್ದಿವೆ. ಹಳೆಯ ಭಟ್ಟರು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದಾರೆ. ಅವರಿರುವಾಗಲೇ ಕೇಳಿ ಕಲಿಯತಕ್ಕದ್ದು.

ಇನ್ನು ಕೆಲಸಕ್ಕೆ ಬರೋಣ. ಮೊದಲನೆಯದು ಹಣ್ಣು. ನಮ್ಮ ಕಡೆ ಹಲಸಿನಲ್ಲಿ ಎರಡು ಜಾತಿ: ಸೊಳೆ ಗಟ್ಟಿಯಾಗಿರುವುದು ಬಕ್ಕೆ, ಮೆತ್ತಗಾಗಿ ಜಾರುವುದು ತುಳುವೆ. ಮರಾಠಿಯವರು ಮೊದಲನೆಯದನ್ನು ಕಾಪಾ ಎಂದೂ ಎರಡನೆಯದನ್ನು ಬರ್ಕಾ ಎಂದೂ ಕರೆಯುತ್ತಾರೆ. ಈ ಎರಡು ಮಾತು ಬಲ್ಲವನಿಗೆ ಮುಂಬಯಿಯ ಪೇಟೆಯಲ್ಲಿ ಮೋಸವಿಲ್ಲ. ಗಾಡಿಯವರು ಬಿಡಿಸಿ ಮಾರುವ ಸೊಳೆ ಬಹುಮಟ್ಟಿಗೆ ಕಾಪಾ. ಹಾಗೆಯೇ ತಿನ್ನಲು ಅದು ಮೇಲು. ಕಡುಬಿಗೆ ತುಳುವೆಯೇ ಮೇಲೆಂದು ಊರಿನ ಅಜ್ಜಿಯರು ಹೇಳುವರು. ನಾರು ಹೆಚ್ಚಿದ್ದರೂ ರಸವೂ ಪರಿಮಳವೂ ಅದರಲ್ಲಿ ಹೆಚ್ಚು. ಕೊಂಕಣದ ಮರಾಠಿ ಮನೆಗಳಲ್ಲಿ ಈ ಬರ್ಕಾ ಹಣ್ಣಿನ ರಸಕ್ಕೆ ಅಕ್ಕಿಯ ತರಿ, ಬೆಲ್ಲ, ತೆಂಗಿನ ಹಾಲು ಸೇರಿಸಿ ಹಬೆಯಲ್ಲಿ ಬೇಯಿಸಿ ಸಾಂದಣ ಎಂಬ ತಿಂಡಿ ಮಾಡುತ್ತಾರೆ. ಅದು ನಮ್ಮ ಕಡುಬಿನ ಒಡಹುಟ್ಟು. ಚಾಳಿನಲ್ಲಿ ನೆರೆಮನೆಯವರು ರತ್ನಾಗಿರಿಯ ಕಡೆಯವರಾಗಿದ್ದರೆ, ಹಣ್ಣು ಎಲ್ಲಿ ಸಿಗುವುದೆಂದು ಅವರನ್ನೇ ಕೇಳಿರಿ. ನಮ್ಮವರಿಗಿಂತ ಚೆನ್ನಾಗಿ ಹೇಳುತ್ತಾರೆ. ತುಳುವೆ ಸಿಗದಿದ್ದರೆ ಬಕ್ಕೆಯಲ್ಲಿಯೇ ಮಾಡಬಹುದು, ಚೆನ್ನಾಗಿ ಕಳಿತಿರಬೇಕು, ಅಷ್ಟೆ.

ಇಡೀ ಹಣ್ಣು ಕೊಳ್ಳುವವರು ಮುಳ್ಳು ಅಗಲವಾಗಿ ಚಪ್ಪಟೆಯಾಗಿದೆಯೇ, ಬಡಿದರೆ ಟೊಳ್ಳು ಸದ್ದು ಬರುವುದೇ, ತೊಟ್ಟಿನ ಬಳಿ ಪರಿಮಳ ಇದೆಯೇ ಎಂದು ನೋಡಬೇಕು. ಮಳೆ ಹಿಡಿದ ಮೇಲೆ ಬಂದ ಹಣ್ಣಿನಲ್ಲಿ ನೀರು ಹೆಚ್ಚು, ಸಿಹಿ ಕಡಿಮೆ. ಬೆಲ್ಲ ಹೆಚ್ಚು ಬೇಡುತ್ತದೆ. ಹಣ್ಣಿನ ತೂಕದಲ್ಲಿ ಸುಮಾರು ಮೂರನೆಯ ಒಂದಂಶ ಮಾತ್ರ ಸೊಳೆ. ಉಳಿದುದು ಸಿಪ್ಪೆ, ನಾರು, ಬೀಜ. 12 ಕಿಲೊ ತೂಗುವ ಹಣ್ಣಿನಿಂದ 4 ಕಿಲೊ ಸೊಳೆ ಬಂದರೆ ತೃಪ್ತಿಪಡಬೇಕು. ಕತ್ತಿಗೂ ಎರಡು ಕೈಗಳಿಗೂ ತೆಂಗಿನೆಣ್ಣೆ ಸವರಿಕೊಳ್ಳದೆ ಹಣ್ಣು ಮುಟ್ಟಬಾರದು. ಮೇಣ ಅಂಟಿದ ಮೇಲೆ ಎಣ್ಣೆ ಹುಡುಕುವವನು ಸಂಜೆಯವರೆಗೆ ಗಲ್ಲಾದ ನೋಟು ಮುಟ್ಟುವಂತಿಲ್ಲ.

ಮೂವತ್ತು ಜನರ ಪಂಕ್ತಿಗೆ ನಾವು ಹಿಡಿಯುವ ಅಳತೆ ಇದು: ಬೀಜ ತೆಗೆದ ಸೊಳೆ 4 ಕಿಲೊ, ಬೆಳ್ತಿಗೆ ಅಕ್ಕಿ 2 ಕಿಲೊ, ಬೆಲ್ಲ ಮುಕ್ಕಾಲು ಕಿಲೊ, ತೆಂಗಿನಕಾಯಿ 4, ಉಪ್ಪು ಎರಡು ಚಮಚ. ಇದರಲ್ಲಿ ಅಂಗೈಯಗಲದ ಕಡುಬು ಅರುವತ್ತಕ್ಕೆ ಕಡಿಮೆಯಾಗುವುದಿಲ್ಲ. ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಬೇಕು. ಗ್ರೈಂಡರನ್ನು ಚೆನ್ನಾಗಿ ತೊಳೆಯದೆ ಇದಕ್ಕೆ ಮುಟ್ಟಬಾರದು. ಉದ್ದಿನ ಹಿಟ್ಟಿನ ಅಂಟು ಉಳಿದಿದ್ದರೆ ಕಡುಬಿಗೆ ಹುಳಿವಾಸನೆ ಹತ್ತುತ್ತದೆ. ಮೊದಲು ಸೊಳೆ, ಬೆಲ್ಲ, ಕಾಯಿತುರಿ ಹಾಕಿ ತಿರುಗಿಸಿ, ಅವು ಒಂದಾದ ಮೇಲೆ ಅಕ್ಕಿ ಹಾಕಬೇಕು. ನೀರು ಒಂದು ತೊಟ್ಟೂ ಬೇಡ; ಹಣ್ಣಿನ ರಸವೇ ಸಾಕು. ಅಕ್ಕಿ ಸಣ್ಣ ರವೆಯಂತೆ ಆದೊಡನೆ ನಿಲ್ಲಿಸಬೇಕು. ಹೋಟೆಲಿನ ಕೈ ತಪ್ಪುವುದು ಇಲ್ಲಿಯೇ. ದೋಸೆಹಿಟ್ಟಿನ ಅಭ್ಯಾಸದಿಂದ ನುಣ್ಣಗೆ ಅರೆದುಬಿಟ್ಟರೆ ಬೆಂದ ಮೇಲೆ ಕಡುಬು ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ. ಎಲೆಯ ಮೇಲೆ ಇಟ್ಟಾಗ ಹರಿಯದೆ ಗುಪ್ಪೆಯಾಗಿ ನಿಂತರೆ ಹದ ಸರಿ. ಹರಿದರೆ ಒಂದು ಹಿಡಿ ಅಕ್ಕಿತರಿ ಸೇರಿಸಿ ಹತ್ತು ನಿಮಿಷ ಬಿಡಬೇಕು.

ಎಲೆಯ ವಿಷಯದಲ್ಲಿ ಊರಿನವರಿಗೆ ಆಯ್ಕೆ ಹೆಚ್ಚು. ತೇಗದ ಎಳೆಯ ಎಲೆಯಲ್ಲಿ ಕಟ್ಟಿದರೆ ಕಡುಬಿಗೆ ಕೆಂಪು ಬಣ್ಣ ಬರುತ್ತದೆ. ಉಪ್ಪಳಿಗೆಯ ಅಗಲ ಎಲೆಯಲ್ಲಿ ಕಟ್ಟುವವರುಂಟು. ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ತೇಗದ ಮರಗಳೇನೋ ಇವೆ. ಆದರೆ ಅಲ್ಲಿ ಎಲೆ ಕೀಳುವುದು ಅಪರಾಧ, ಕಡುಬಿನ ಆಸೆಗೆ ದಂಡ ತೆತ್ತುಕೊಳ್ಳಬೇಡಿರಿ. ದಾದರ, ಮಾಟುಂಗದ ಮಾರುಕಟ್ಟೆಗಳಲ್ಲಿ ಸಿಗುವ ಬಾಳೆಯೆಲೆ ಸಾಕು. ಅದನ್ನು ಬೆಂಕಿಯ ಮೇಲೆ ಒಮ್ಮೆ ಬಾಡಿಸಿಕೊಂಡರೆ ಮಡಚುವಾಗ ಸೀಳುವುದಿಲ್ಲ. ನಾಗರಪಂಚಮಿಯಿಂದ ಗಣೇಶ ಚತುರ್ಥಿಯವರೆಗೆ ಅರಸಿನದ ಎಲೆಯೂ ಇಲ್ಲಿನ ಪೇಟೆಗೆ ಬರುತ್ತದೆ. ಆ ಹೊತ್ತಿಗೆ ಹಣ್ಣು ಉಳಿದಿದ್ದರೆ ಅದಕ್ಕಿಂತ ಸೊಗಸು ಬೇರೆಯಿಲ್ಲ.

ಹಬೆಯ ಗುಟ್ಟನ್ನು ಸ್ವಲ್ಪ ಹೇಳಬೇಕು. ನಾವು ಎಸ್.ಎಸ್.ಎಲ್.ಸಿ.ಗೆ ಓದಿದ ವಿಜ್ಞಾನದಲ್ಲಿ ಕೆಲಸಕ್ಕೆ ಬಂದ ಪಾಠ ಇದೊಂದೇ ಇರಬೇಕು. ಒಂದು ಗ್ರಾಂ ಹಬೆ ತಣ್ಣನೆಯ ಎಲೆಯನ್ನು ಮುಟ್ಟಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಅಲ್ಲಿಯೇ ಬಿಡುತ್ತದೆ. ಬರಿಯ ಬಿಸಿನೀರಿಗೆ ಆ ಶಕ್ತಿಯಿಲ್ಲ. ಆದುದರಿಂದ ನೀರು ಪೂರಾ ಕುದಿದು ಹಬೆ ಜೋರಾಗಿ ಏಳುವ ಮುನ್ನ ಕಡುಬು ಇಡಬಾರದು. ಎಲೆಯ ಕೆಲಸವೂ ಇದೇ: ಹಬೆಯ ಶಾಖ ಒಳಗೆ ಹೋಗಲಿ, ಅದರ ನೀರು ಹೊರಗೆ ಇಳಿಯಲಿ. ಇಡ್ಲಿಗಿಂತ ಇದಕ್ಕೆ ಇಷ್ಟು ಹೆಚ್ಚು ಹೊತ್ತು ಏಕೆ? ಗಾತ್ರ ದೊಡ್ಡದೆಂಬುದು ಒಂದು ಕಾರಣ. ಇನ್ನೊಂದು, ಸಿಹಿ. ಅಕ್ಕಿಯ ಪಿಷ್ಟವು ನೀರು ಹೀರಿ ಬೇಯಲು 70 ಡಿಗ್ರಿಯ ಆಸುಪಾಸಿನ ಶಾಖ ಸಾಕು; ಆದರೆ ಬೆಲ್ಲವೂ ಹಣ್ಣಿನ ಸಕ್ಕರೆಯೂ ಆ ನೀರನ್ನು ತಮ್ಮ ಕಡೆಗೆ ಹಿಡಿದುಕೊಳ್ಳುವುದರಿಂದ ಪಿಷ್ಟ ಬೇಯುವುದು ತಡವಾಗುತ್ತದೆ. ಸಿಹಿ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚಬೇಕು. 45 ನಿಮಿಷಕ್ಕೆ ಮೊದಲು ಮುಚ್ಚಳ ತೆಗೆಯುವುದು ಬೇಡ. ದೊಡ್ಡ ಕಟ್ಟಾದರೆ ಒಂದು ಗಂಟೆ. ಕಟ್ಟುಗಳನ್ನು ಮಡಿಕೆ ಕೆಳಗಾಗಿ, ನಡುವೆ ಹಬೆಗೆ ದಾರಿ ಬಿಟ್ಟು ಇಡಬೇಕು. ಊರಿನ ಅಟ್ಟಿನಳಗೆಯಲ್ಲಿ ನಡೆಯುತ್ತಿದ್ದುದೂ ಇದೇ. ಕೋಣೆಯಲ್ಲಿ ನಾಲ್ವರೇ ಇರುವ ಹುಡುಗರು ತೂಕದ ಬಿಲ್ಲೆ ತೆಗೆದಿಟ್ಟ ಪ್ರೆಷರ್ ಕುಕ್ಕರಿನಲ್ಲಿ ಮಾಡಬಹುದು. ನಡುವೆ ನೀರು ಬತ್ತದಂತೆ ನೋಡಿಕೊಳ್ಳಬೇಕು.

ಹಲಸಿನ ಕಾಲದಲ್ಲಿ ರಜೆಯೇ ದೊರೆಯದವರೇನು ಮಾಡಬೇಕು? ನಮ್ಮ ಹಿರಿಯರು ಕಡುಬನ್ನು ಕೂಡಿಡಲಾರದಿದ್ದರೂ ಹಣ್ಣನ್ನು ಕೂಡಿಡುವ ದಾರಿ ಬಲ್ಲವರಾಗಿದ್ದರು. ಸೊಳೆಯನ್ನು ಅರೆದು, ಬೆಲ್ಲ ಹಾಕಿ, ದಪ್ಪ ತಳದ ಬಾಣಲೆಯಲ್ಲಿ ಗಂಟೆಗಟ್ಟಲೆ ಮಗುಚಿ, ನೀರಿನಂಶ ಹೋಗಿ ಉಂಡೆ ಕಟ್ಟುವಷ್ಟು ಗಟ್ಟಿಯಾದ ಮೇಲೆ ಭರಣಿಯಲ್ಲಿ ತುಂಬಿಡುವುದು. ಇದಕ್ಕೆ ಬೆರಟಿ ಎಂದು ಹೆಸರು. ಇದು ಇಂಗ್ಲಿಷರ ಪುಡ್ಡಿಂಗಿನಂತೆಯೇ ತಿಂಗಳುಗಟ್ಟಲೆ ಕಾಯುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋಗುವ ಗುಮಾಸ್ತ ಮಿತ್ರರಲ್ಲಿ ನಮ್ಮದೊಂದು ವಿನಂತಿ: ಮರಳುವಾಗ ಒಂದು ಕಿಲೊ ಬೆರಟಿ ಹೆಚ್ಚು ತನ್ನಿರಿ, ತಾವು ದಿನಾ ಚಹಾ ಕುಡಿಯುವ ಹೋಟೆಲಿನ ಹುಡುಗರಿಗೆ ಕೊಡಿರಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಒಂದು ಭರಣಿಯ ಭಾರ ದೊಡ್ಡದಲ್ಲ. ಒಂದು ಕಿಲೊ ಬೆರಟಿಗೆ ಒಂದೂವರೆ ಕಿಲೊ ಅಕ್ಕಿತರಿ. ಬೆಲ್ಲ ಬೇರೆ ಬೇಡ. ಬೆರಟಿಯನ್ನು ಬಿಸಿಯಾದ ತೆಳು ತೆಂಗಿನ ಹಾಲಿನಲ್ಲಿ ಕರಗಿಸಿ, ತರಿಯನ್ನು ಅದರಲ್ಲಿ ಅರ್ಧ ಗಂಟೆ ನೆನೆಯಬಿಟ್ಟು, ಕಾಯಿತುರಿ ಸೇರಿಸಿ ಮೊದಲಿನ ಹದಕ್ಕೆ ತಂದು ಕಟ್ಟಬೇಕು. ಹಸಿ ಹಣ್ಣಿನ ಕಡುಬಿಗಿಂತ ಬಣ್ಣ ಕಪ್ಪು, ಪರಿಮಳ ಸ್ವಲ್ಪ ಕಡಿಮೆ. ಆದರೆ ದೀಪಾವಳಿಯ ರಾತ್ರಿ ಊರಿಗೆ ಹೋಗಲಾರದೆ ಉಳಿದವರ ಎಲೆಯ ಮೇಲೆ ಅದನ್ನಿಟ್ಟಾಗ ಯಾರೂ ಬಣ್ಣದ ಮಾತೆತ್ತುವುದಿಲ್ಲ.

ಇಂದು ನಮ್ಮವರ ಹೋಟೆಲುಗಳಲ್ಲಿ ಉತ್ತರಪ್ರದೇಶ, ಒಡಿಶಾ, ನೇಪಾಳಗಳ ಹುಡುಗರೂ ದುಡಿಯುತ್ತಾರೆ. ಉತ್ತರದವರಿಗೆ ಕಟಹಲ್ ಎಂದರೆ ಪಲ್ಯದ ಕಾಯಿ. ಅದು ಹಣ್ಣಾಗಿ, ಅಕ್ಕಿಯೊಡನೆ ಸೇರಿ, ಎಲೆಯೊಳಗಿಂದ ಬಿಸಿಬಿಸಿಯಾಗಿ ಹೊರಬರುವುದನ್ನು ಅವರು ಮೊದಲು ಸಂಶಯದಿಂದಲೇ ನೋಡುತ್ತಾರೆ. ಅವರನ್ನೂ ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿರಿ. ಅವರೂ ಮನೆ ಬಿಟ್ಟು ಬಂದವರೇ.

ಇಳಿಸಿದೊಡನೆ ಎಲೆ ಬಿಡಿಸಬಾರದು. ಹತ್ತು ನಿಮಿಷ ಆರಿದರೆ ಅಂಟದೆ ಬಿಡುತ್ತದೆ. ಬಿಸಿಯಿರುವಾಗಲೇ ಮೇಲೆ ತುಪ್ಪ. ತುಪ್ಪವಿಲ್ಲದಿದ್ದರೆ ಒಳ್ಳೆಯ ತೆಂಗಿನೆಣ್ಣೆ. ಮಗ್ಗುಲಲ್ಲಿ ಮಿಡಿ ಉಪ್ಪಿನಕಾಯಿ ಇರಲಿ, ಸಿಹಿ ಮೊಗಚದಂತೆ ಅದು ಕಾಯುತ್ತದೆ. ಹಸಿದಾಗ ಹಲಸು ಎಂಬ ಗಾದೆಯಂತೆ ಊಟದ ಬದಲಿಗೆ ತಿನ್ನಬೇಕೇ ಹೊರತು ಊಟದ ಮೇಲೆ ಅಲ್ಲ. ಉಳಿದುದನ್ನು ಮರುದಿನ ಬೆಳಿಗ್ಗೆ ಬೆರಳು ದಪ್ಪ ಹೋಳು ಮಾಡಿ, ದೋಸೆಯ ಕಲ್ಲಿನ ಮೂಲೆಯಲ್ಲಿ ತುಪ್ಪ ಬಿಟ್ಟು ಎರಡೂ ಮಗ್ಗುಲು ಕೆಂಪಗಾಗುವಂತೆ ಕಾಯಿಸಿದರೆ, ಬೆಳಗಿನ ಪಾಳಿಯವರ ಚಹಾಕ್ಕೆ ಒದಗುತ್ತದೆ. ಬೀಜಗಳನ್ನು ಎಸೆಯಬೇಡಿರಿ. ತೊಳೆದು, ನೆರಳಿನಲ್ಲಿ ಒಂದು ದಿನ ಆರಿಸಿ, ಹೊರಸಿಪ್ಪೆ ಸುಲಿದು ಜಜ್ಜಿಟ್ಟುಕೊಂಡರೆ ಎರಡು ದಿನ ಕೆಲಸಗಾರರ ಸಾಂಬಾರಿಗೆ ಬೇರೆ ತರಕಾರಿ ತರಬೇಕಾಗಿಲ್ಲ.